ಹೂಮಳೆಯ ತಾರೀಕು

ಗೋಣಿಬೀಡಿನಾಚೆಯ ಒಂದು ಕಾಫಿ ಎಸ್ಟೇಟ್ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ನಾನು. ಡಿಸ್ಕ್ ತುಂಬಿ ಕ್ಯಾಮೆರಾ ರೆಕಾರ್ಡಿಂಗ್ ನಿಂತುಹೋದ ಬೆಳಿಗ್ಗೆ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಬಿಸಿಲಿತ್ತು ಎಂದು ನೆನಪು. ನಂಬಬೇಡಿ.

docker volume ls -f dangling=true ಎಂದು ಟೈಪ್ ಮಾಡಿದೆ. ದತ್ತಾಂಶ ತುಂಬಿಟ್ಟ ವಾಲ್ಯೂಮ್‌ಗಳಲ್ಲಿ ಯಾವ ಕಂಟೇನರಿಗೂ, ಅಂದರೆ ಪ್ರೋಗ್ರಾಂ ಓಡುವ ಡಬ್ಬಿಗೂ, ಜೋಡಿಸದೆ ಬಿದ್ದಿರುವವನ್ನಷ್ಟೇ ಸೋಸಿ ತೋರಿಸುವ ಆಜ್ಞೆ ಅದು. ಹತ್ತೊಂಬತ್ತು ಸಾಲು ಬಂದವು. ಒಂದಕ್ಕೂ ಹೆಸರಿಲ್ಲ, ಗೇಣುದ್ದದ ಅಂಕಿ-ಅಕ್ಷರಗಳ ಸರ.

"ಯಾರೂ ಬಳಸ್ತಿಲ್ಲ ಅಂದ್ರೆ ಕಸ ಅಲ್ವಾ ಮಾರಾಯ? ಒಟ್ಟಿಗೆ ಬಳಿದು ಬಿಸಾಕು," ಎಂದ.

ಅದರಲ್ಲೊಂದು ಮಳೆಯದು. ಎಸ್ಟೇಟಿನ ಗುಮಾಸ್ತರು, ಇಲ್ಲಿಯವರ ಬಾಯಲ್ಲಿ ರೈಟರ್, ದಿನಾ ಬೆಳಿಗ್ಗೆ ಮಾಪಕ ನೋಡಿ ಇಂಚು, ಅದರ ನೂರರಲ್ಲೊಂದು ಪಾಲಾದ ಸೆಂಟುಗಳಲ್ಲಿ ಬರೆದಿಟ್ಟ ಇಪ್ಪತ್ತೆಂಟು ವರ್ಷದ ಮಳೆ. ಒಂದೇ ಬೆರಳಲ್ಲಿ ಅದನ್ನೆಲ್ಲ ಟೈಪ್ ಮಾಡಿದವರೂ ಅವರೇ. ಮುಗಿದ ದಿನವೇ ಮ್ಯಾನೇಜರ್ ಹಳೆಯ ಪುಸ್ತಕಗಳನ್ನು ಬಚ್ಚಲೊಲೆಗೆ ಹಾಕಿಸಿದ್ದ. ಬೇರೆ ಪ್ರತಿ ಇಲ್ಲ.

ಪ್ರತಿ ವಾಲ್ಯೂಮ್ ಹುಟ್ಟಿದ ತಾರೀಕು ಯಂತ್ರಕ್ಕೆ ಗೊತ್ತಿರುತ್ತದೆ; ಅದರಿಂದ ಮಳೆಯದನ್ನು ಗುರುತಿಸಬಹುದು ಅನ್ನಿಸಿತು. ರೈಟರನ್ನು ಕರೆದು, ಟೈಪ್ ಮಾಡಲು ಶುರು ಮಾಡಿದ್ದು ಯಾವತ್ತು ಎಂದು ಕೇಳಿದೆ.

"ಹೂಮಳೆ ಬಿದ್ದ ಮಾರನೇ ದಿನ. ತೋಟ ಇಡೀ ಹೂ ಬಿಟ್ಟು ಬೆಳ್ಳಗಾಗೋಕೆ ಇನ್ನೂ ವಾರ ಇತ್ತು."

"ಯಾವ ತಾರೀಕು?"

"ಅದ್ರಲ್ಲೇ ಬರ್ದಿದೀನಲ್ಲ," ಎಂದು ಪರದೆಯತ್ತ ಕೈ ತೋರಿಸಿದರು.

ಮ್ಯಾನೇಜರ್ ನಕ್ಕ. "ಬೀಗದ ಕೈ ಪೆಟ್ಟಿಗೆ ಒಳಗೇ ಉಂಟು. ಅಳಿಸು ಮಾರಾಯ, ಸಾಕು."

"ನೀವು ಸುಮ್ನಿರಿ," ರೈಟರ್ ತಿರುಗಿದರು. "ಪುಸ್ತಕ ಸುಟ್ರಲ್ಲ, ಸ್ನಾನದ ನೀರು ಚೆನ್ನಾಗಿ ಕಾದಿತ್ತಾ?"

ನಾನು ಒಂದೊಂದನ್ನೇ ಕಂಟೇನರಿಗೆ ಜೋಡಿಸಿ ತೆರೆಯತೊಡಗಿದೆ. ಮ್ಯಾನೇಜರ್ ಪ್ರತಿ ಸಲವೂ ಗಡಿಯಾರ ನೋಡಿದ. ಹನ್ನೊಂದನೆಯದರಲ್ಲಿ ಮಳೆ ಸಿಕ್ಕಿತು. ಒಳಗೆ, ಟೈಪಿಂಗ್ ಶುರುವಾದ ವರ್ಷದ ಹೂಮಳೆ ಮಾರ್ಚ್ ತಿಂಗಳದ್ದು. ವಾಲ್ಯೂಮ್ ಹುಟ್ಟಿದ್ದು ಜೂನ್‌ನಲ್ಲಿ. ರೈಟರ ಮಾತು ನಂಬಿ ತಾರೀಕು ಹಿಡಿದು ಹೋಗಿದ್ದರೆ ಇದನ್ನೇ ಕಸವೆಂದು ಎಸೆಯುತ್ತಿದ್ದೆ.

"ನಿನ್ನ ಯಂತ್ರ ಸುಳ್ಳು ಹೇಳ್ತದೆ," ಎಂದರು ರೈಟರ್. ಆಮೇಲೆ, "ಇದು ಕಸದ ಪಟ್ಟಿಗೆ ಬಂದದ್ದು ಹೇಗೆ? ಯಾರು ಕಿತ್ತಿದ್ದು?"

ಹಿಂದಿನ ವಾರ ಹೊಸ ಆವೃತ್ತಿ ಹಾಕಲು ಹಳೆಯ ಕಂಟೇನರ್ ಕಿತ್ತವನು ನಾನು. ಸೋಮಾರಿತನದಿಂದ ವಾಲ್ಯೂಮಿಗೆ ಹೆಸರಿಡದವನೂ ನಾನೇ. ಮ್ಯಾನೇಜರನ ಕಡೆ ನೋಡಿದೆ. ರೈಟರೂ ಅತ್ತಲೇ ನೋಡಿದರು.

ಕಸವೆಂದು ಖಾತ್ರಿಯಾದ ಮೊದಲ ಹತ್ತನ್ನು ಅಳಿಸಿ ಜಾಗ ಮಾಡಿಕೊಂಡು, ಮಳೆ ಎಂದು ಹೆಸರಿಟ್ಟು ಹೊಸ ವಾಲ್ಯೂಮ್ ಮಾಡಿ ಎಲ್ಲವನ್ನೂ ಅದಕ್ಕೆ ನಕಲು ಮಾಡಿದೆ. ಮುಗಿಯುವವರೆಗೂ ರೈಟರ್ ಮ್ಯಾನೇಜರನನ್ನು ಬಯ್ಯುತ್ತಲೇ ಇದ್ದರು. ನಾನು ತಡೆಯಲಿಲ್ಲ.