ರಜೆಯ ದಿನದ ಕೆಮ್ಮು

ಬೆಲ್ಲದ ಹೊಸ ಪೆಂಟಿ ಒಡೆದಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸಿಹಿಯಲ್ಲ, ತುಸು ಹೊಗೆ ಬೆರೆತದ್ದು. ಕಳೆದ ವಾರ ಅಂಗಡಿಯಲ್ಲಿ ಪೆಂಟಿ ಒಡೆಯಲು ಕೂತವನು ನಾನೇ. ಮೊದಲ ಏಟಿಗೆ ದೊಡ್ಡದೊಂದು ಚೂರು ಸಿಡಿದು ಬಿತ್ತು. ಹಳೇ ರೂಢಿಯಂತೆ ಅದನ್ನು ಬೇರೆ ಕಾಗದದಲ್ಲಿ ಸುತ್ತಿ ಬದಿಗಿಡಲು ಹೋದೆ. ಆಮೇಲೆ ಯಾರಿಗೆ ಎಂದು ನೆನಪಾಗಿ ಕೈ ಅಲ್ಲೇ ನಿಂತಿತು. ಅದನ್ನು ತಿನ್ನುವವರು ಹೋಗಿ ಎಂಟು ವರ್ಷವಾಯಿತು...

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ, ಒಣಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ವಿಜಯಪುರ ಬಿಟ್ಟು ಬಂದಾಗ ಮೀಸೆ ಕಪ್ಪಿತ್ತು, ಈಗ ಇಲ್ಲ. ನಮ್ಮ ಸಾಲಿನಲ್ಲಿ ಎಲ್ಲರೂ ಕೆಮ್ಮುತ್ತಾರೆ. ಹೊಸದಾಗಿ ಬಂದವರು ಹದಿನೈದು ದಿನ ಕಣ್ಣು ಮೂಗು ಒರೆಸಿಕೊಳ್ಳುತ್ತ ಒದ್ದಾಡುತ್ತಾರೆ, ಆಮೇಲೆ ಮೈ ಒಗ್ಗುತ್ತದೆ. ದಿನದ ಕೆಲಸ ಮುಗಿದ ಮೇಲೆ ಹಮಾಲರಿಂದ ಹಿಡಿದು ಮಾಲಕರವರೆಗೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಕೊಡುವುದು ಅಂಗಡಿಯ ಪದ್ಧತಿ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು, ಘಾಟು ಎಲ್ಲ ಇಳಿದುಹೋಗುತ್ತದೆ ಎಂಬ ನಂಬಿಕೆ. ಯಾರು ಹೇಳಿದ್ದೋ ಯಾರಿಗೂ ಗೊತ್ತಿಲ್ಲ. ಹಂಚುವ ಕೆಲಸ ಮೊದಲಿಂದಲೂ ನನ್ನದು.

ಆ ದೊಡ್ಡ ಚೂರು ತಿನ್ನುತ್ತಿದ್ದವರನ್ನು ನಾವೆಲ್ಲ ಲಿಲಾವಿನ ಕಾಕಾ ಎನ್ನುತ್ತಿದ್ದೆವು. ಮೆಣಸಿನಕಾಯಿಯ ರಾಶಿಗಳ ನಡುವೆ ನಡೆಯುತ್ತ ಬೆಲೆ ಕೂಗಿ ಲಿಲಾವು, ಅಂದರೆ ಹರಾಜು, ಮಾಡುವುದು ಅವರ ಕೆಲಸ. ನಮ್ಮ ಕಡೆಯವರೇ, ಇಂಡಿ ತಾಲೂಕಿನವರು. ಅವರ ದನಿ ಎಂಥದೆಂದರೆ, ಸಾಲಿನ ಆ ತುದಿಯಲ್ಲಿ ಅವರು ಬ್ಯಾಡಗಿ ರಾಶಿಯ ಮುಂದೆ ಬಾಯಿ ತೆರೆದರೆ ಈ ತುದಿಯ ಚಹದ ಗಾಡಿಯವನು ಬೆಲೆ ಬರೆದುಕೊಳ್ಳಬಹುದಿತ್ತು. ಮರಾಠಿಯಲ್ಲಿ ಕೂಗುತ್ತಿದ್ದರು, ನಡುವೆ ಕನ್ನಡದಲ್ಲಿ ಬೈಯುತ್ತಿದ್ದರು. ಬೈಗುಳ ಅರ್ಥವಾಗದ ವ್ಯಾಪಾರಿಗಳು ನಗುತ್ತಿದ್ದರು, ಅರ್ಥವಾದ ನಾವು ಇನ್ನಷ್ಟು ನಗುತ್ತಿದ್ದೆವು. ಮೂವತ್ತು ವರ್ಷ ಆ ಘಾಟಿನಲ್ಲಿ ನಿಂತು ಒಂದು ದಿನವೂ ಕೆಮ್ಮದ ಮನುಷ್ಯ. ಬೀಡಿ ಸೇದುತ್ತಿದ್ದುದನ್ನೂ ಬಿಟ್ಟು ಬಹಳ ಕಾಲವಾಗಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅವರು ಕೆಮ್ಮತೊಡಗಿದರು. ಕೊನೆಗೂ ಕಾಕಾಗೆ ಘಾಟು ಹತ್ತಿತು ಎಂದು ನಾವು ಚೇಷ್ಟೆ ಮಾಡಿದೆವು. ನಾನಂತೂ ಸಂಜೆ ಅವರ ಅಂಗೈಯಲ್ಲಿ ಎಲ್ಲರಿಗಿಂತ ದೊಡ್ಡ ಚೂರು ಇಡತೊಡಗಿದೆ. ಮೂವತ್ತು ವರ್ಷ ಕೆಮ್ಮದವರು ಈಗೇಕೆ ಕೆಮ್ಮುತ್ತಿದ್ದಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಕೆಮ್ಮುವ ಜಾಗದಲ್ಲಿ ಒಬ್ಬರ ಕೆಮ್ಮು ಯಾರಿಗೆ ಕೇಳಿಸುತ್ತದೆ?

ಕೇಳಿಸಿದ್ದು ಅವರ ಹೆಂಡತಿಗೆ. ಅವರನ್ನು ಕಾಕು ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಬುತ್ತಿ ತಂದವರು ಕಾಕಾ ಅತ್ತ ಹೋಗುವುದನ್ನೇ ಕಾದು ನನ್ನ ಹತ್ತಿರ ಬಂದರು.

"ರಜಾ ದಿನಾನೂ ಕೆಮ್ಮತಾರ್ರಿ. ಮನ್ಯಾಗ ಎಲ್ಲಿಂದ ಬರಬೇಕ್ರಿ ಘಾಟು? ನೀವರೆ ಒಮ್ಮೆ ಡಾಕ್ಟರ್ ಕಡೆ ಕರ್ಕೊಂಡ ಹೋಗ್ರಿ. ನಿಮ್ಮ ಮಾತ ಕೇಳತಾರ."

"ಘಾಟು ಅರಿಬ್ಯಾಗ ಕುಂತಿರತದ್ರಿ ಕಾಕು, ಒಗದ್ರೂ ಲಗೂನ ಹೋಗಂಗಿಲ್ಲ," ಎಂದೆ. "ನಾ ಬೆಲ್ಲ ಕೊಡಾಕತ್ತೀನಲ್ಲ. ಏನೂ ಆಗಂಗಿಲ್ಲ, ಹೋಗ್ರಿ."

ತಿಳಿದವನ ಹಾಗೆ ಹೇಳಿದೆ. ಕಾಕು ಆ ಮಾತನ್ನು ನಂಬಿದರು, ಕಾಕಾಗೂ ಹೇಳಿದರಂತೆ. ಅಂದಿನಿಂದ ಕಾಕಾನ ಅಂಗಿ ಧೋತರಗಳನ್ನು ಬಾಗಿಲ ಹೊರಗೇ ಬಿಡಿಸಿ, ಬಿಸಿನೀರಿನಲ್ಲಿ ಎರಡೆರಡು ಸಲ ಒಗೆಯತೊಡಗಿದರಂತೆ. ಅಡುಗೆಯಲ್ಲಿ ಮೆಣಸಿನಕಾಯಿ ಹುರಿಯುವುದನ್ನೇ ಬಿಟ್ಟರಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ.

ಅವರ ಖೋಲಿ ಒಂದು ಚಾಳಿನ ಮೂರನೇ ಮಹಡಿಯಲ್ಲಿತ್ತು. ಎಂದೂ ಯಾರ ಯೋಗಕ್ಷೇಮವನ್ನೂ ಕೇಳದ ಕಾಕಾ ಆ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಬಲು ಸ್ನೇಹಜೀವಿಯಾದರು. ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯಲ್ಲಿ ನಿಂತು ಅಲ್ಲಿಯ ಅಜ್ಜಿಯ ಮೊಣಕಾಲು ನೋವು ವಿಚಾರಿಸುವರು. ಎರಡನೆಯದರಲ್ಲಿ ಮಕ್ಕಳ ಪರೀಕ್ಷೆ ಕೇಳುವರು. ವಯಸ್ಸಾದಂತೆ ಮನುಷ್ಯ ಮೆತ್ತಗಾದ ಎಂದು ಚಾಳಿನವರು ಮೆಚ್ಚಿಕೊಂಡರು. ನಾನೂ ಮೆಚ್ಚಿದೆ. ಅವರು ನಿಲ್ಲುತ್ತಿದ್ದುದು ಉಸಿರಿಗಾಗಿ. ಪ್ರಶ್ನೆ ಕೇಳಿದರೆ ಎದುರಿನವರು ಮಾತಾಡುತ್ತಾರೆ, ಅಷ್ಟು ಹೊತ್ತು ತಾವು ಸುಮ್ಮನೆ ಉಸಿರಾಡಬಹುದು ಎಂಬ ಉಪಾಯವದು.

ಹೋಳಿಯ ಹೊತ್ತಿಗೆ ದನಿ ಒಡೆಯಿತು. ಮೊದಲು ಬೆಳಿಗ್ಗೆ ಮಾತ್ರ ಒಡಕು, ಆಮೇಲೆ ಇಡೀ ದಿನ. ಕೂಗಿ ಕೂಗಿ ಹೀಗಾಗಿದೆ ಎಂದೆವು. ಮಾಲು ದಂಡಿಯಾಗಿ ಬರುವ ಕಾಲ, ಲಿಲಾವು ನಿಲ್ಲಿಸುವಂತಿರಲಿಲ್ಲ. ಕಾಕಾಗೆ ಬೇರೆಯವರು ತಮ್ಮ ಜಾಗದಲ್ಲಿ ನಿಲ್ಲುವುದು ಸುತರಾಂ ಬೇಡ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದುಕೊಂಡರು. ಅವರು ಕಿವಿಯಲ್ಲಿ ಉಸುರುವುದು, ನಾನು ಕೂಗುವುದು. ನನ್ನ ದನಿಯೋ ಸಣ್ಣದು. ಹಿಂದಿನವರಿಗೆ ಕೇಳದೆ ಗದ್ದಲವೇಳುತ್ತಿತ್ತು. ನಕ್ಕವರನ್ನು ಬೈಯಲು ಕಾಕಾ ಬಾಯಿ ತೆರೆಯುವರು, ಬರೀ ಗಾಳಿ ಹೊರಡುವುದು. ಬೆಲೆ ಹೇಳಲು ನನ್ನ ಹೆಗಲ ಮೇಲೆ ಇಟ್ಟ ಅವರ ಕೈ ದಿನದಿನಕ್ಕೆ ಭಾರವಾಗುತ್ತಿತ್ತು. ಆಸರೆಗಾಗಿ ಹಿಡಿಯುತ್ತಿದ್ದಾರೆಂದು ತಿಳಿಯದೆ, ಒಮ್ಮೆ ಸಿಡುಕಿನಿಂದ ಹೆಗಲು ಕೊಡವಿದ್ದೂ ಇದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮನೆಯೊಳಗಿನ ಪಾಡೆಲ್ಲ ಆಮೇಲೆ ಕಾಕು ಹೇಳಿದ್ದು. ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರಂತೆ. ಸ್ನಾನಕ್ಕೆ ಸ್ಟೂಲು ಬೇಕಾಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಸುತ್ತಿಟ್ಟ ಗಾದಿಗೆ ಒರಗಿ ಕೂತೇ ನಿದ್ದೆ. ಜೋಳದ ರೊಟ್ಟಿ, ಖಾರದ ಹಿಂಡಿ ಇಲ್ಲದೆ ಉಣ್ಣದವರು ಹಾಲನ್ನ ಮುಂದಿಟ್ಟರೂ ನಾಲ್ಕು ತುತ್ತಿಗೆ ತಟ್ಟೆ ಸರಿಸುವರು. ಬಸ್ಸಿನಲ್ಲಿ ಕೆಮ್ಮಿದರೆ ಪಕ್ಕದವರು ಎದ್ದು ಹೋಗುತ್ತಾರೆಂದು ಬಸ್ಸು ಹತ್ತುವುದನ್ನೇ ಬಿಟ್ಟರು. ಊರಿಂದ ಮಗಳು ಫೋನು ಮಾಡಿದರೆ ಕಾಕುವಿನ ಕೈಗೇ ಕೊಟ್ಟುಬಿಡುವರು. ತಮ್ಮ ದನಿ ಕೇಳಿ ಅವಳು ಹೆದರಬಾರದಲ್ಲ...

ಜೂನಿನಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡಿತು. ಆಗ ಕಾಕು ನನ್ನನ್ನು ಕೇಳಲಿಲ್ಲ. ಆಸ್ಪತ್ರೆಗೆ ಹೊರಟು ನಿಂತು, ಬರುವುದಿದ್ದರೆ ಬರ್ರಿ ಎಂದಷ್ಟೇ ಹೇಳಿಕಳಿಸಿದರು. ಹೋದೆ.

ಎಕ್ಸ್‌ರೇ ಹಿಡಿದ ಡಾಕ್ಟರು ಮರಾಠಿಯಲ್ಲಿ ಕೇಳಿದರು, ಕೆಮ್ಮು ಎಷ್ಟು ದಿನದಿಂದ ಇದೆ ಎಂದು. ಕಾಕಾ ಒಮ್ಮೆ ನನ್ನ ಮುಖ ನೋಡಿದರು.

"ಪಂಧರಾ-ವೀಸ ದಿವಸ," ಎಂದರು.

ಹದಿನೈದಿಪ್ಪತ್ತು ದಿನ! ಆ ಒಡಕು ದನಿಯಲ್ಲಿ, ಅಂಥ ಹೊತ್ತಿನಲ್ಲಿ, ಆ ಸುಳ್ಳು ಯಾಕೆ ಹೇಳಿದರೆಂದು ನನಗೊಬ್ಬನಿಗೆ ಗೊತ್ತಿತ್ತು. ಕಾಕು ತಮ್ಮ ಅರೆಬರೆ ಮರಾಠಿಯಲ್ಲಿ ತಿದ್ದಿದರು: "ನಾಹೀ. ಸಾತ ಮಹಿನೆ." ಏಳು ತಿಂಗಳು. ಹೇಳುವಾಗ ಅವರು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಶ್ವಾಸಕೋಶದ ಕ್ಯಾನ್ಸರ್ ಎಂದು ಖಾತ್ರಿಯಾಗಲು ಇನ್ನೂ ಕೆಲವು ವಾರ ಹಿಡಿದವು. ಆದರೆ ಡಾಕ್ಟರ ಮುಖದ ಮೇಲೆ ಅವತ್ತೇ ಇತ್ತು. ತಿರುಗಿ ಬರುವಾಗ ರಿಕ್ಷಾದಲ್ಲಿ ಮೂವರೂ ಒತ್ತಿ ಕೂತಿದ್ದೆವು. ಕಾಕಾ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಎರಡೆರಡು ಮಾತಿಗೆ ಉಸಿರು ಎಳೆದುಕೊಳ್ಳುತ್ತ ಹೇಳಿದರು:

"ತಮ್ಮಾ... ನಿನ್ನ ಬೆಲ್ಲ... ಭಾಳ ಛಲೋ ಇತ್ತೋ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡರು.

ಆ ವರ್ಷದ ಗಣಪತಿಗೆ ಕಾಕಾ ಇರಲಿಲ್ಲ. ಕಾಕು ಇಂಡಿಗೆ, ಮಗಳ ಹತ್ತಿರ ಹೋದರು. ಒಮ್ಮೆ ನೋಡಿಬರಬೇಕೆಂದು ಬಸ್ ನಿಲ್ದಾಣಕ್ಕೆ ಹೋಗಿ ಇಂಡಿ ಬಸ್ಸಿನ ಚೀಟಿಯನ್ನೂ ತೆಗೆಸಿದ್ದೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಏನೆಂದು ಮಾತು ತೆಗೆಯಲಿ?

ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಅದು ಹಾಗೇ ಉಳಿಯಿತು. ಆದರೆ ಇಷ್ಟಂತೂ ಗೊತ್ತು. ಏಳು ತಿಂಗಳು ಅವರು ಮೆಟ್ಟಿಲ ಮೇಲೆ ಉಸಿರಿಗಾಗಿ ಮಂದಿಯ ಮೊಣಕಾಲು ನೋವು ವಿಚಾರಿಸುತ್ತ ನಿಲ್ಲಬೇಕಿರಲಿಲ್ಲ. ಕಾಕು ಬಿಸಿನೀರಿನಲ್ಲಿ ಅಂಗಿ ಒಗೆಯಬೇಕಿರಲಿಲ್ಲ.

ಕಳೆದ ವಾರದ ಆ ದೊಡ್ಡ ಚೂರನ್ನು ಒಡೆದು ಸಣ್ಣದು ಮಾಡಿ ಎಲ್ಲದರಲ್ಲಿ ಬೆರೆಸಿದೆ. ಅಂಗಡಿಯ ಪದ್ಧತಿ ನಿಂತಿಲ್ಲ, ನಿಲ್ಲಿಸಲು ನಾನ್ಯಾರು. ಸಂಜೆ ಹಮಾಲರು ಸಾಲಾಗಿ ಬಂದು ಕೈ ಚಾಚುತ್ತಾರೆ. ಬೆಲ್ಲ ಇಡುವ ಮೊದಲು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳುತ್ತೇನೆ. ಮುದುಕನಿಗೆ ಮರುಳು ಎಂದು ಅವರು ತಮ್ಮ ತಮ್ಮಲ್ಲೇ ನಗುವುದೂ ಗೊತ್ತು. ನಗಲಿ.

"ರಜಾ ದಿನಾ ಕೆಮ್ಮು ಬರತದೇನೋ?"

ಇಲ್ರಿ ಎಂದು ಅವರು ಹೇಳುವ ತನಕ ನನ್ನ ಮುಷ್ಟಿ ಬಿಚ್ಚುವುದಿಲ್ಲ.