ಬಾಗಿಲಿಗೆ ತಕ್ಕ ಮನೆ

ನನ್ನ ಕೈಚೀಲದಲ್ಲಿ ಕನ್ನಡಕದ ಡಬ್ಬಿ, ಬಸ್ಸಿನ ಚಿಲ್ಲರೆ, ಎರಡು ಏಲಕ್ಕಿ, ಇವುಗಳ ಜೊತೆಗೆ ಒಂದು ಹಳದಿ ಅಳತೆ ಟೇಪು ಸದಾ ಇರುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಹೆಂಗಸಿಗೆ ಟೇಪೇಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆಯಲ್ಲಿ ಯಾರೂ ಕೇಳುವುದಿಲ್ಲ. ಬಾಗಲಕೋಟೆಯ ನವನಗರದಿಂದ ಹಿಡಿದು ಬಾದಾಮಿ, ಹುನಗುಂದ, ಇಳಕಲ್ಲಿನವರೆಗೆ ಮಾರಾಟಕ್ಕೆ ನಿಂತ ಮನೆಗಳಲ್ಲಿ ನಾನು ಹೊಕ್ಕು ನೋಡದ ಮನೆ ಕಡಿಮೆ ಎಂಬುದು ಅವರಿಗೆಲ್ಲ ಗೊತ್ತು. ಆದ್ದರಿಂದ ಮನೆ ಕೊಳ್ಳುವ ಹುಕಿ ಬಂದವರು ಮೊದಲು ಬರುವುದು ನನ್ನ ಹತ್ತಿರವೇ.

ನಾನೂ ಉಪದೇಶವನ್ನು ಧಾರಾಳವಾಗಿ ಹಂಚುತ್ತೇನೆ. ಮನೆಯನ್ನು ಬೆಳಗಿನ ತಂಪಿನಲ್ಲಿ ನೋಡಬೇಡಿ, ಬೇಸಿಗೆಯ ಮಧ್ಯಾಹ್ನ ಹೋಗಿ ಒಳಗೆ ಅರ್ಧ ತಾಸು ಸುಮ್ಮನೆ ಕೂತು ನೋಡಿ. ಒಂದೇ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಆ ಗೋಡೆಗೇ ಕೈಯಿಟ್ಟು ನೋಡಿ. ಮನೆಯ ಮಾಲೀಕತ್ವದ ಉತಾರ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರೂ ಸಹಿ ಹಾಕುತ್ತಾರೆಂದು ಖಾತ್ರಿಯಾಗುವವರೆಗೆ ಸಂಚಕಾರವೆಂದು ಮುಂಗಡ ಕೊಡಬೇಡಿ. ಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ನಾಲ್ಕೂ ಕಡೆ ನಡೆದು ನೋಡಿ. ಪಕ್ಕದ ಮನೆಯಾಕೆಯ ಹತ್ತಿರ ಒಂದು ತಂಬಿಗೆ ನೀರು ಕೇಳಿ. ಓಣಿ ಎಂಥದ್ದು, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎರಡೂ ಆ ತಂಬಿಗೆಯಲ್ಲೇ ತಿಳಿದುಬಿಡುತ್ತವೆ. ಹೀಗೆ ನನ್ನ ಮಾತು ಕೇಳಿದ ನಾಲ್ಕು ಜನ ಮನೆ ಕೊಂಡು ಸುಖವಾಗಿದ್ದಾರೆ. ನಾನು ಮಾತ್ರ ಎಂಟನೆಯ ಬಾಡಿಗೆ ಮನೆಯಲ್ಲಿದ್ದೆ.

ಕಾರಣ ಹೇಳುತ್ತೇನೆ, ನಗಬೇಡಿ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೇ ಬಾಗಲಕೋಟೆಯ ನಮ್ಮ ಓಣಿಯನ್ನು ಬಿಡುವಾಗ, ಜನ ಭಾಂಡೆ-ಬಟ್ಟೆಗಳ ಜೊತೆಗೆ ಬಾಗಿಲು, ಚೌಕಟ್ಟು, ತೊಲೆಗಳನ್ನೂ ಕಿತ್ತುಕೊಂಡು ಹೊರಟಿದ್ದರು. ಅಪ್ಪನೂ ನಮ್ಮ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿಸಿದ. ಸಾಗವಾನಿ ಮರ, ಅಂಚಿನುದ್ದಕ್ಕೂ ಕೆತ್ತಿದ ಬಳ್ಳಿ. ನವನಗರದಲ್ಲಿ ಪರಿಹಾರವಾಗಿ ಸಿಕ್ಕ ಜಾಗ ಮುಂದೆ ಅಣ್ಣನ ಪಾಲಿಗೆ ಹೋಯಿತು. ಅವನು ಕಟ್ಟಿಸಿದ ಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದ. ಸಾಗವಾನಿ ಬಾಗಿಲು ನನ್ನ ಪಾಲಿಗೆ ಬಂತು. "ಇದು ನಿನ್ನ ಮನಿಗೇ ಕೂಡಬೇಕವಾ," ಎಂದು ಅಪ್ಪ ಹೇಳಿದ್ದ. ಹೇಳಿದವನು ಹೋಗಿಬಿಟ್ಟ, ಬಾಗಿಲು ನನ್ನ ಪ್ರತಿಯೊಂದು ವರ್ಗಾವಣೆಯಲ್ಲೂ ಟಂಟಂ ಗಾಡಿ ಏರಿ ಊರಿಂದೂರಿಗೆ ಬಂದು, ಬಾಡಿಗೆ ಮನೆಗಳ ಗೋಡೆಗೆ ಒರಗಿ ನಿಂತಿತು.

ಅಂದಿನಿಂದ ನಾನು ಮನೆ ನೋಡಲು ಹೋದರೆ ಮೊದಲು ಅಳೆಯುವುದು ತಲೆಬಾಗಿಲನ್ನು. ನನ್ನದು ಸರಿಯಾಗಿ ಏಳು ಅಡಿ. ಬಾದಾಮಿಯಲ್ಲಿ ಗಾಳಿ-ಬೆಳಕು ಧಾರಾಳವಾಗಿದ್ದ ಮನೆಯನ್ನು, ಹುನಗುಂದದಲ್ಲಿ ಬೇವಿನ ನೆರಳಿದ್ದ ಮನೆಯನ್ನು ಅರ್ಧ ಗೇಣಿನ ಕೊರತೆಗೆ ಬಿಟ್ಟು ಬಂದೆ. ಹೊಸ ಮನೆ ಕಟ್ಟಿಸೋಣವೆಂದರೆ ಒಂದೆಡೆ ನಿಂತು ಕಟ್ಟಿಸುವ ತಾಳ್ಮೆ ನನಗಿಲ್ಲ. ಪ್ರತಿ ಭಾನುವಾರ ಕಾಲು ತುರಿಸುತ್ತದೆ, ಚಪ್ಪಲಿ ಮೆಟ್ಟುತ್ತೇನೆ, ಹೊರಡುತ್ತೇನೆ.

ಈ ಏಪ್ರಿಲ್‌ನಲ್ಲಿ ಇಳಕಲ್ಲಿನ ನಮ್ಮ ಬಾಡಿಗೆ ಮನೆಯ ಮಾಲೀಕರು, ಶಾಲೆ ಶುರುವಾಗುವುದರೊಳಗೆ ಮನೆ ಬಿಡಿ ಎಂದರು. ಅದೇ ವಾರ ಇಮಾಮಸಾಬ್ ಕಾಕಾನ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಕಾಕಾ ನೇಕಾರ, ಮಗಳ ಊರಾದ ಗುಡೂರಿನಲ್ಲಿ ಆಗಲೇ ಬೇರೆ ಮನೆ ಕಟ್ಟಿಸಿಕೊಂಡಿದ್ದ. ಕೆಂಪು ಕಲ್ಲಿನ ಗೋಡೆ, ಮಧ್ಯಾಹ್ನದಲ್ಲೂ ತಂಪಾದ ಪಡಸಾಲೆ, ಒಂದೇ ಹೆಸರಿನ ಚೊಕ್ಕ ಉತಾರ, ಕೇಳದೆಯೇ ತಂಬಿಗೆ ತುಂಬಿ ಕೊಟ್ಟ ಪಕ್ಕದ ಮನೆಯಾಕೆ. ನನ್ನ ಉಪದೇಶಗಳೆಲ್ಲ ಒಂದೆಡೆ ಮನೆ ಕಟ್ಟಿಕೊಂಡು ಕೂತಂತಿತ್ತು. ಟೇಪು ಹಿಡಿದೆ. ನಾಲ್ಕು ಬೆರಳು ಕಡಿಮೆ. ಮೇಲೆ ಕಲ್ಲಿನ ತೊಲೆ, ಮಾಳಿಗೆಯ ಭಾರವೆಲ್ಲ ಅದರ ಮೇಲೆ, ಅದನ್ನು ಎತ್ತುವಂತಿಲ್ಲ.

ನಮ್ಮ ಮನೆಯವರು ತಲೆ ಮೇಲೆ ಕೈ ಹೊತ್ತರು. "ಮಂದಿ ಮನಿಗೆ ಬಾಗಲಾ ಹುಡುಕ್ತಾರ, ನೀ ಬಾಗಲಕ್ಕ ಮನಿ ಹುಡುಕಾಕತ್ತಿ. ಈ ಸರ್ತಿ ಕೈ ಬಿಟ್ಟಿ ಅಂದ್ರ ನಾ ಆ ಬಾಗಲಾನ ಹೊಚ್ಕೊಂಡು ಬಸ್‌ಸ್ಟ್ಯಾಂಡಿನ್ಯಾಗ ಮಲಗ್ತೇನಿ ನೋಡು," ಎಂದರು. ಕಾಕಾನೋ ಗುರುವಾರದವರೆಗೆ ಅಷ್ಟೇ ಕಾಯುತ್ತೇನೆಂದ. ಆಮೇಲೆ ಹುನಗುಂದದ ಇನ್ನೊಬ್ಬರಿಗೆ ಮಾತು ಕೊಡುವವನಿದ್ದ.

ನಾನು ಕಾಕಾನ ಮೇಲೆಯೇ ಹರಿಹಾಯ್ದೆ. "ನೀವೂ ಗುಡೂರಾಗ ಮಗ್ಗದ ಅಳತಿ ನೋಡೇ ಖೋಲಿ ಕಟ್ಟಿಸೀರಿ ಹೌದಲ್ಲೋ ಕಾಕಾ? ನಾ ಬಾಗಲಾ ಅಳದ್ರ ತಪ್ಪೇನ್ರಿ?"

ಕಾಕಾ ಸಿಟ್ಟಾಗಲಿಲ್ಲ. "ಖರೆ ಐತಿ ಯವ್ವಾ, ಮಗ್ಗಕ್ಕಂತನ ಖೋಲಿ ಕಟ್ಟಿಸೇನಿ. ಆದ್ರ ಮಗ್ಗ ದುಡೀತೈತಿ. ನಿನ್ನ ಬಾಗಲಾ ಇಷ್ಟ ವರ್ಷ ಏನ್ ಮಾಡೇತಿ? ಒಂದಿನಾರ ತೆಗದೈತೇನ, ಮುಚ್ಚೇತೇನ?"

ನನಗೆ ಕೆನ್ನೆಗೆ ಹೊಡೆದಂತಾಯಿತು. ಎರಡು ದಿನ ಮನೆಯಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬುಧವಾರ ಬೆಳಿಗ್ಗೆ ಮೌನಪ್ಪ ಬಡಿಗೇರನನ್ನು ಕರೆಸಿದೆ. ಬಾಗಿಲನ್ನು ನಾಲ್ಕು ಬೆರಳು ಕಡಿಯಲು ಆಗುವುದೇ ಇಲ್ಲ ಎಂದು ಅವನ ಬಾಯಿಂದ ಕೇಳಿ ನಿಶ್ಚಿಂತಳಾಗುವ ಆಸೆ. ಅವನು ನನ್ನ ಟೇಪು ತೆಗೆದುಕೊಂಡು, ಬಾಗಿಲನ್ನು ಅಂಗಳದಲ್ಲಿ ಮಲಗಿಸಿ, ಕುಕ್ಕರಗಾಲಲ್ಲಿ ಕೂತು ಬುಡದ ಧೂಳನ್ನು ಉಫ್ ಎಂದು ಊದಿದ.

"ಅಕ್ಕಾರ, ಇದನ್ನ ಮೊದಲ ಒಮ್ಮಿ ಕಡದಾರಲ್ರಿ!"

"ಸಾಧ್ಯನ ಇಲ್ಲ. ನಮ್ಮ ಮನಿಗಂತನ ಮಾಡಿಸಿದ ಬಾಗಲಾ ಅದು."

"ನೀವ ನೋಡ್ರಿ. ಮ್ಯಾಲ ಬಳ್ಳಿಗೆ ಕುಡಿ ಐತಿ, ಕೆಳಗ ಬಳ್ಳಿ ನಡುವ ತುಂಡಾಗೈತಿ. ಇಲ್ಲೆ ಗರಗಸದ ಗೆರಿ. ಚೌಕಟ್ಟಿನ ಕಾಲೂ ಹಂಗ. ಯಾವುದೋ ದೊಡ್ಡ ಮನಿ ಬಾಗಲಾ ಇದು. ತಂದು, ಕಡದು, ನಿಮ್ಮ ಮನಿಗೆ ಕೂಡಿಸ್ಯಾರ."

ಆ ತುಂಡಾದ ಬಳ್ಳಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದರ ಬೇರು ಹೊಸ್ತಿಲ ಕೆಳಗೆ ನೆಲದೊಳಗೆ ಇಳಿದಿದೆ ಎಂದು ಚಿಕ್ಕವಳಿದ್ದಾಗ ನಂಬಿದ್ದೆ. ದೊಡ್ಡವಳಾದ ಮೇಲೆ ಆ ನಂಬಿಕೆಯನ್ನು ಪರೀಕ್ಷಿಸುವ ಗೋಜಿಗೆ ಹೋಗಿರಲಿಲ್ಲ. ನನಗಿಂತ ಮುಂಚೆ ನಮ್ಮ ವಂಶದ ಯಾರೋ ಒಬ್ಬರು, ಯಾರೋ ಬಿಟ್ಟ ಮನೆಯ ಬಾಗಿಲನ್ನು ತಂದು, ಎದೆ ಗಟ್ಟಿ ಮಾಡಿಕೊಂಡು ಗರಗಸ ಹಾಕಿಸಿದ್ದರು. ಅದಕ್ಕೇ ಅದು ನಮ್ಮ ಮನೆಯ ಬಾಗಿಲಾಗಿತ್ತು. ಅಂಗಳದಲ್ಲಿ ನಿಂತು ಅತ್ತೆ, ಮರೆಮಾಚಲಿಲ್ಲ. ಆಮೇಲೆ, "ಕಡೀರಿ ಮೌನಪ್ಪ," ಎಂದೆ. ಗುರುವಾರ ಕಾಕಾನ ಕೈಗೆ ಸಂಚಕಾರ ಮುಟ್ಟಿತು.

ಈಗ ಬಾಗಿಲು ಇಮಾಮಸಾಬ್ ಕಾಕಾನ, ಅಲ್ಲ, ನಮ್ಮ ಮನೆಗೆ ಕೂತಿದೆ. ಚಟ ಹೋಗಿಲ್ಲ ನೋಡಿ: ಕಳೆದ ಭಾನುವಾರ ಬಾದಾಮಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕಾಲು ತುರಿಸಿತು. ಟೇಪು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಹಿಂದಿನ ಸಂಜೆಯಷ್ಟೇ ಕೂಡಿಸಿದ್ದ ಬಾಗಿಲನ್ನು ಮೊದಲ ಸಲ ಎಳೆದುಕೊಂಡೆ. ಕಿರ್ರ್ ಎಂದಿತು. ಅಪ್ಪ ಸಂಜೆ ಮನೆಗೆ ಬಂದಾಗಿನ ಸದ್ದು ಅದು. ಗೋಡೆಗೆ ಒರಗಿ ನಿಂತ ಬಾಗಿಲು ಇಪ್ಪತ್ತು ವರ್ಷಕ್ಕೂ ಮೀರಿ ಆ ಸದ್ದನ್ನು ಮಾಡಿರಲಿಲ್ಲ, ನಾನೂ ಅದನ್ನು ಮರೆತೇಬಿಟ್ಟಿದ್ದೆ. ಮತ್ತೊಮ್ಮೆ ತೆರೆದೆ, ಮುಚ್ಚಿದೆ, ತೆರೆದೆ.

"ಯಾರ್ ಬಂದಾರ?" ಎಂದು ಒಳಗಿನಿಂದ ಮನೆಯವರು ಕೂಗಿದರು.

"ನಾನ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದೆ.