ಐದೂವರೆಗೆ ಉಣ್ಣುವ ವಿಲ್ಮಾ

ವಿಲ್ಮಾ ನಮ್ಮ ವೆರ್ನೊಲ್ ಊರಿಗೆ ಬಂದ ಮೊದಲ ವಾರವೇ ಹೆಸರು ಕೆಡಿಸಿಕೊಂಡಳು. ಯಾರದನ್ನೂ ಕದಿಯಲಿಲ್ಲ, ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ. ಒಂದು ಮಧ್ಯಾಹ್ನ ಚರ್ಚಿನ ಮುಂದಿನ ಚೌಕವನ್ನು ದಾಟುತ್ತಾ, ನಡೆದುಕೊಂಡೇ ಸ್ಯಾಂಡ್‌ವಿಚ್ ತಿಂದಳು, ಅಷ್ಟೆ.

ನನ್ನ ಪತ್ರಿಕೆ ಮತ್ತು ತಂಬಾಕಿನ ಅಂಗಡಿ ಆ ಚೌಕದ ಮೂಲೆಯಲ್ಲಿದೆ. ಊರಿನಲ್ಲಿ ಯಾರು ಎಲ್ಲಿಗೆ ಹೋದರು ಎನ್ನುವುದು ಬೇಡವೆಂದರೂ ನನ್ನ ಕಣ್ಣಿಗೆ ಬೀಳುತ್ತದೆ. ಆ ದಿನ ಕ್ಷೌರದಂಗಡಿಯಿಂದ ಒಬ್ಬರು ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡೇ ಬಾಗಿಲಿಗೆ ಬಂದು ನಿಂತರು. ಕೊನೆಗೆ ನಿವೃತ್ತ ನೋಟರಿ ಅಂಬ್ರುವಾಜ್ ತಿಸ್ಸೊ ಟೋಪಿ ತೆಗೆದು ಅವಳ ಹತ್ತಿರ ಹೋದರು.

"ಕ್ಷಮಿಸಿ ಮದಾಂ, ಮನೇಲಿ ಏನಾದ್ರೂ ತೊಂದ್ರೆ ಆಗಿದ್ಯಾ?"

"ಇಲ್ವಲ್ಲ ಮುಸ್ಯೆ, ಯಾಕೆ?"

"ಕುರ್ಚಿ ಗಿರ್ಚಿ ಇಲ್ದೇ ಇದ್ರೆ ಹೇಳಿ. ನಮ್ಮನೇಲಿ ಹೆಚ್ಚಿಗೆ ಇವೆ. ಸಂಕೋಚ ಬೇಡ."

"ಕುರ್ಚಿ ಇದೆ. ಅಂಚೆ ಕಚೇರಿಗೆ ಹೋಗೋದಿತ್ತು, ದಾರೀಲೇ ಊಟ ಮುಗಿಸ್ಬಿಡೋಣ ಅಂತ."

ತಿಸ್ಸೊ ಅಲ್ಲಿಂದ ನೇರವಾಗಿ ನನ್ನ ಅಂಗಡಿಗೆ ಬಂದರು. "ಊಟ ಮುಗಿಸೋದಂತೆ," ಎಂದರು. "ಊಟ ಅಂದ್ರೆ ಏನು, ಬಾಕಿ ಉಳಿದ ಕೆಲಸವಾ?"

ವಿಲ್ಮಾ ಅಮೆರಿಕದ ನೆಬ್ರಾಸ್ಕದವಳು. ಅಲ್ಲಿ ಬಹಳ ವರ್ಷ ಶಾಲಾ ಬಸ್ಸು ಓಡಿಸಿದವಳು. ಬೆಳಗಿನ ತಿಂಡಿಯನ್ನು ಸ್ಟಿಯರಿಂಗ್ ಹಿಂದೆ, ಮಧ್ಯಾಹ್ನದ್ದನ್ನು ಡಿಪೋದ ಬೆಂಚಿನ ಮೇಲೆ ತಿಂದು ಪಳಗಿದ ಕೈ. ಅವಳ ಗಂಡ ಗಾಸ್ಪಾರ್ ನಮ್ಮೂರಿನವನೇ. ಹರೆಯದಲ್ಲಿ ಟ್ರಾಕ್ಟರ್ ರಿಪೇರಿಗೆಂದು ಅಮೆರಿಕಕ್ಕೆ ಹೋದವನು ಅಲ್ಲೇ ಇವಳನ್ನು ಮದುವೆಯಾಗಿ, ಮಗಳನ್ನು ಬೆಳೆಸಿ, ಕೆಲಸ ಬಿಟ್ಟ ಮೇಲೆ ಹುಟ್ಟಿದ ಮನೆಗೆ ವಾಪಸು ಬಂದಿದ್ದ. ಸ್ಯಾಂಡ್‌ವಿಚ್ಚಿನ ಸುದ್ದಿ ಕೇಳಿ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಎರಡನೇ ಚಳಿಗಾಲದಲ್ಲಿ ಅವನ ಎದೆಬಡಿತ ನಿಂತುಹೋಯಿತು. ಮಗಳು ವಾಪಸು ಬಾ ಎಂದು ದಿನವೂ ಫೋನು ಮಾಡಿದಳು. ವಿಲ್ಮಾ ಹೋಗಲಿಲ್ಲ.

"ಅಲ್ಲಿ ಮನೆ ಮಾರಿ ಆಯ್ತು ರೊಲಾಂದ್," ಎಂದು ನನಗೆ ಹೇಳಿದ್ದಳು. "ಇಲ್ಲಿ ಅವನ ಗೋರಿ ಇದೆ. ಹೂವಿಡೋಕೆ ಯಾರಾದ್ರೂ ಬೇಡ್ವಾ?"

ಹಾಗೆ ಉಳಿದಳು. ಉಳಿದವಳನ್ನು ಊರು ತಿದ್ದಲು ನಿಂತಿತು.

ತಿದ್ದಲು ಬೇಕಾದಷ್ಟಿತ್ತು. ಅವಳು ಅಮೆರಿಕದಿಂದ ತರಿಸಿದ ಫ್ರಿಜ್ಜು ಬಾಗಿಲಲ್ಲಿ ಹಿಡಿಸದೆ, ಕಿಟಕಿಯ ಚೌಕಟ್ಟು ಕಿತ್ತು ಒಳಗೆ ಇಳಿಸಬೇಕಾಯಿತು. ಊರಿನವರು ಅದನ್ನು ನೋಡಲು ಹೋಗಿ, "ಇದರಲ್ಲಿ ಯಾರಿರ್ತಾರೆ?" ಎಂದು ಕೇಳಿ ಬಂದರು. ಫೆರ್ನಾಂಡನ ಹೋಟೆಲಿನಲ್ಲಿ ನೀರಿಗೆ ಐಸ್ ಕೇಳಿದಳು. ಅವನು ಒಂದೇ ಒಂದು ತುಂಡನ್ನು ತಟ್ಟೆಯ ಮೇಲಿಟ್ಟು, ಔಷಧಿ ಕೊಡುವವನ ಹಾಗೆ ತಂದುಕೊಟ್ಟ. ಉಳಿದ ಮಾಂಸವನ್ನು ಕಟ್ಟಿಕೊಡು ಎಂದಳು. "ನಾಯಿಗಾ ಮದಾಂ?" ಎಂದು ಕೇಳಿದ. "ಇಲ್ಲಪ್ಪ, ನಂಗೇ, ನಾಳೆ ಬೆಳಿಗ್ಗೆಗೆ," ಎಂದಳು. ಆ ಮಾತು ಅವನ ಅಡುಗೆಮನೆಯಲ್ಲಿ ವಾರಗಟ್ಟಲೆ ಓಡಾಡಿತು. ನಾವು ಊಟದ ಕೊನೆಗೆ ತಿನ್ನುವ ಚೀಸನ್ನು ಅವಳು ಊಟಕ್ಕೆ ಮುಂಚೆ ಬಿಸ್ಕತ್ತಿನ ಮೇಲಿಟ್ಟು ತಿನ್ನುತ್ತಿದ್ದಳು. ಮಾಂಸದ ನಂತರ ತಿನ್ನುವ ಸೊಪ್ಪಿನ ಸಲಾಡನ್ನು ಮೊದಲಿಗೇ ತಿಂದು ಮುಗಿಸುತ್ತಿದ್ದಳು.

ಎಲ್ಲಕ್ಕಿಂತ ತೊಂದರೆ ಕೊಟ್ಟಿದ್ದು ಅವಳ ಎಡಗೈ. ನಮ್ಮಲ್ಲಿ ಊಟಕ್ಕೆ ಕೂತರೆ ಎರಡೂ ಕೈ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಅವಳು ಮಾಂಸವನ್ನೆಲ್ಲ ಒಂದೇ ಸಲ ತುಂಡು ಮಾಡಿ, ಚಾಕು ಕೆಳಗಿಟ್ಟು, ಫೋರ್ಕನ್ನು ಬಲಗೈಗೆ ಬದಲಾಯಿಸಿಕೊಂಡು, ಎಡಗೈಯನ್ನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದಳು. ಔಷಧಿ ಅಂಗಡಿಯ ಒದಿಲ್ ಒಂದು ಸಲ ಕರವಸ್ತ್ರ ಬೀಳಿಸಿದಂತೆ ಮಾಡಿ ಬಗ್ಗಿ ನೋಡಿದಳು. ಆ ಕೈ ಏನೂ ಮಾಡುತ್ತಿರಲಿಲ್ಲ. ಅದು ಅವಳಿಗೆ ಇನ್ನೂ ಅನುಮಾನ ತಂದಿತು.

ರಾತ್ರಿಯ ಊಟವನ್ನು ವಿಲ್ಮಾ ಐದೂವರೆಗೇ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ನಮ್ಮೂರಿನಲ್ಲಿ ಮಕ್ಕಳು ಬಿಟ್ಟರೆ ಬೇರೆ ಯಾರ ಬಾಯಿಯೂ ಆಡುವುದಿಲ್ಲ. ದೊಡ್ಡವರು ಎಂಟರವರೆಗೆ ಹೊಟ್ಟೆಯನ್ನು ಗದರಿಸಿಕೊಂಡು ಕೂರುತ್ತಾರೆ. ಅದಕ್ಕೆ ನಾಗರಿಕತೆ ಎಂದು ಹೆಸರು.

ಈ ನಾಗರಿಕತೆಯ ಕಾವಲುಗಾರರು ತಿಸ್ಸೊ. ಊರಿನ ಬಸವನಹುಳು ಬಾಂಧವರ ಕೂಟಕ್ಕೆ ಅವರೇ ಅಧ್ಯಕ್ಷರು. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬೆಂದ ಬಸವನಹುಳುವಿನ ಘನತೆ ಕಾಯುವುದು ಕೂಟದ ಕೆಲಸ. ಸದಸ್ಯರು ಹಸಿರು ಮಖಮಲ್ಲಿನ ನಿಲುವಂಗಿ ತೊಟ್ಟು, ಎರಡು ಕೊಂಬಿನ ಟೋಪಿ ಇಟ್ಟುಕೊಂಡು, ಗಂಭೀರವಾಗಿ ಮೆರವಣಿಗೆ ಹೋಗುತ್ತಾರೆ. ಅಮೆರಿಕದವರ ವೇಷಭೂಷಣದ ಬಗ್ಗೆಯೂ ತಿಸ್ಸೊ ಅವರಿಗೆ ಅಭಿಪ್ರಾಯಗಳಿದ್ದವು.

ಮನೆಯಲ್ಲಿ ಅವರು ಉಪನ್ಯಾಸ ಕೊಡುವಾಗ ನಾಗರಿಕತೆಯ ತಟ್ಟೆಗಳನ್ನು ತೊಳೆಯುತ್ತಿದ್ದವಳು ಹೆಂಡತಿ ಕ್ಲೊತಿಲ್ದ್. ಸೂಪು, ಆಮೇಲೆ ಮಾಂಸ, ಆಮೇಲೆ ಸಲಾಡು, ಆಮೇಲೆ ಚೀಸು, ಆಮೇಲೆ ಹಣ್ಣು. ಪ್ರತಿಯೊಂದಕ್ಕೂ ತಟ್ಟೆ ಬದಲಾಗಬೇಕು. ಮಧ್ಯಾಹ್ನ ಒಂದು ಸಲ, ರಾತ್ರಿ ಇನ್ನೊಂದು ಸಲ. ಮದುವೆಯಾದಾಗಿನಿಂದ ಅವಳು ಬಿಸಿ ಸೂಪು ಕುಡಿದದ್ದು ನನಗಂತೂ ನೆನಪಿಲ್ಲ.

ಒಂದು ಸಂಜೆ ಕ್ಲೊತಿಲ್ದ್ ಕೇಕಿನ ಅಚ್ಚು ಹಿಂತಿರುಗಿಸಲು ವಿಲ್ಮಾಳ ಮನೆಗೆ ಹೋದಳು. ವಿಲ್ಮಾ ಟಿವಿ ಮುಂದೆ ಸೋಫಾದಲ್ಲಿ ಕೂತು, ಚೀಸು ಸುರಿದ ಮ್ಯಾಕರೋನಿಯ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಂದಿನದನ್ನು ಕ್ಲೊತಿಲ್ದ್ ತಾನೇ ನನಗೆ ಹೇಳಿದ್ದು.

"ಅವಳು ಇನ್ನೊಂದು ಬಟ್ಟಲು ಕೊಟ್ಳು ರೊಲಾಂದ್. ಬೇಡ ಅನ್ನೋಕೆ ಬಾಯಿ ತೆಗೆದೆ. ಬಾಯಿ ತೆಗೆದಿದ್ನಲ್ಲ, ತಿಂದುಬಿಟ್ಟೆ."

"ಚೆನ್ನಾಗಿತ್ತಾ?"

"ಚೆನ್ನಾಗೇನೂ ಇರ್ಲಿಲ್ಲ. ಆದ್ರೆ ಬಿಸಿ ಇತ್ತು. ಉಪ್ಪು ಹೆಚ್ಚಾಯ್ತು, ವೈನು ಸರಿಹೋಗ್ಲಿಲ್ಲ ಅಂತ ಯಾರೂ ಅನ್ಲಿಲ್ಲ. ಕೊನೆಗೆ ತೊಳೆಯೋಕೆ ಎಷ್ಟಿತ್ತು ಗೊತ್ತಾ? ಎರಡು ಬಟ್ಟಲು. ನಂಗೆ ಅಳು ಬಂದ್ಬಿಡ್ತು ಕಣೆ."

ಮರುದಿನ ಕೇಕಿನ ಅಚ್ಚು ಮತ್ತೆ ಬೇಕಾಯಿತು. ಅದರ ಮರುದಿನ ಅದನ್ನು ಹಿಂತಿರುಗಿಸಬೇಕಾಯಿತು. ಸ್ವಲ್ಪ ದಿನದಲ್ಲಿ ಒದಿಲ್ ಕೂಡ ಹಿತ್ತಲ ಬಾಗಿಲಿನಿಂದ ಹೋಗತೊಡಗಿದಳು. ಆಮೇಲೆ ಫೆರ್ನಾಂಡ್. ಊರಿಗೆಲ್ಲ ಎಂಟಕ್ಕೆ ಬಡಿಸುವ ಅವನು ತಾನು ಉಣ್ಣುವುದು ಎಲ್ಲರ ಮೇಜು ಒರೆಸಿದ ಮೇಲೆ. ಸಂಜೆ ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಇವರೆಲ್ಲ ಹಗಲು ನನ್ನ ಅಂಗಡಿಯಲ್ಲಿ ನಿಂತು ಅಮೆರಿಕದ ಊಟವನ್ನು ಮೊದಲಿಗಿಂತ ಜೋರಾಗಿ ಬೈಯುತ್ತಿದ್ದರು. ವಿವರಗಳು ಮಾತ್ರ ಈಗ ಬಹಳ ಸರಿಯಾಗಿರುತ್ತಿದ್ದವು.

ತಿಸ್ಸೊ ಅವರಿಗೆ ಅನುಮಾನ ಹುಟ್ಟಿತು. ಹೆಂಡತಿ ಎಂಟರ ಊಟಕ್ಕೆ ಕೂತರೆ ಸೂಪನ್ನು ಸುಮ್ಮನೆ ಚಮಚದಲ್ಲಿ ಕಲಕುತ್ತಾಳೆ. ಕೆನ್ನೆ ಕೆಂಪಗಿದೆ. ಪಾತ್ರೆ ತೊಳೆಯುತ್ತಾ ಹಾಡು ಹೇಳಿಕೊಳ್ಳುತ್ತಾಳೆ. ದಿನವೂ ಐದು ಹೊಡೆದ ಮೇಲೆ ಹೊರಗೆ ಹೋಗಿ ಏಳರೊಳಗೆ ವಾಪಸಾಗುತ್ತಾಳೆ. ನಮ್ಮ ದೇಶದಲ್ಲಿ ಐದರಿಂದ ಏಳರವರೆಗಿನ ಹೊತ್ತು ಯಾವುದಕ್ಕೆ ಮೀಸಲು ಎನ್ನುವುದು ಮದುವೆಯಾದ ಎಲ್ಲರಿಗೂ ಗೊತ್ತು. ಕಚೇರಿ ಬಿಟ್ಟ ಮೇಲೆ, ಮನೆಯ ಊಟಕ್ಕೆ ಮುಂಚೆ, ಪ್ರೇಮಿಗಳು ಭೇಟಿಯಾಗುವ ಹೊತ್ತು ಅದು.

ಅವರು ನನ್ನ ಅಂಗಡಿಗೆ ಬಂದು, ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು. "ಮದಾಂ ರೊಲಾಂದ್, ಯಾರು ಅವನು?"

"ಯಾರು ಮುಸ್ಯೆ?"

"ಬೇಡ ಬಿಡಿ. ನಾನೂ ಲೋಕ ಕಂಡವನು. ಇಂಥದ್ದೆಲ್ಲ ಆಗುತ್ತೆ. ಮನುಷ್ಯ ಮರ್ಯಾದಸ್ಥನಾ, ಅಷ್ಟು ಹೇಳಿ ಸಾಕು."

ನಾನು ಪತ್ರಿಕೆಯ ಕಟ್ಟು ಬಿಚ್ಚಿ ಜೋಡಿಸತೊಡಗಿದೆ. ಆ ಸಂಜೆ ಅವರು ಒಳ್ಳೆಯ ಕೋಟು ತೊಟ್ಟು ಹೆಂಡತಿಯ ಹಿಂದೆ ಹೋದರು. ವಿಲ್ಮಾಳ ಹಿತ್ತಲ ಬಾಗಿಲು ತಳ್ಳಿದಾಗ ಅಲ್ಲಿ ಹೆಂಡತಿ, ಒದಿಲ್, ಫೆರ್ನಾಂಡ್ ಮೂವರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ತಟ್ಟೆಯಲ್ಲಿ ಕೊಚ್ಚಿದ ಮಾಂಸವನ್ನು ಇಟ್ಟಿಗೆಯಂತೆ ಅಚ್ಚು ಹಾಕಿ ಬೇಯಿಸಿ, ಮೇಲೆ ಸಿಹಿ ಟೊಮೆಟೊ ಸಾಸು ಸವರಿದ ತುಂಡು. ಕ್ಲೊತಿಲ್ದಳ ಎಡಗೈ ಎಲ್ಲಿಯೂ ಕಾಣುತ್ತಿರಲಿಲ್ಲ.

ಫೆರ್ನಾಂಡ್ ಅಗಿಯುತ್ತಿದ್ದುದನ್ನು ಹಾಗೇ ನುಂಗಿದ.

"ಬನ್ನಿ ಮುಸ್ಯೆ, ಕೂತ್ಕೊಳ್ಳಿ," ಎಂದಳು ವಿಲ್ಮಾ. "ತಟ್ಟೆ ಇದೆ."

"ಮೊದಲಿಗೆ ಏನು ಬಡಿಸ್ತೀರಿ?" ಎಂದು ತಿಸ್ಸೊ ನಿಂತಲ್ಲೇ ಕೇಳಿದರು.

"ಇದೇ."

"ಆಮೇಲೆ?"

"ಬೇಕಾದ್ರೆ ಇದೇ ಇನ್ನೊಂದು ಸಲ."

ತಿಸ್ಸೊ ಹೆಂಡತಿಯ ಕಡೆ ತಿರುಗಿದರು. "ಪ್ರಿಯಕರ ಅಂದುಕೊಂಡಿದ್ದೆ ಕ್ಲೊತಿಲ್ದ್. ದಾರಿಯುದ್ದಕ್ಕೂ ಕ್ಷಮಿಸೋಕೆ ತಯಾರಾಗಿ ಬಂದೆ. ಮಾತೂ ಹೊಂದಿಸಿಕೊಂಡಿದ್ದೆ. ಇದಕ್ಕೆ ನಾನೇನು ಹೇಳ್ಲಿ?"

"ಕೂತ್ಕೊಂಡು ತಿನ್ನಿ, ಏನೂ ಹೇಳ್ಬೇಕಾಗಿಲ್ಲ," ಎಂದಳು ಕ್ಲೊತಿಲ್ದ್. "ಇಲ್ಲಿರೋ ಸುಖವೇ ಅದು."

ಅವರು ತಿನ್ನದೆ ಹೊರಟುಹೋದರು. ವಿಷಯ ಊರೆಲ್ಲ ಹಬ್ಬಿತು. ಹಿತ್ತಲ ಬಾಗಿಲಿನವರ ಸಂಖ್ಯೆ ಅದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಬಸವನಹುಳು ಬಾಂಧವರ ವಾರ್ಷಿಕ ಭೋಜನ. ತಿಸ್ಸೊ ಒಂದು ಉಪಾಯ ಮಾಡಿದರು. ವಿಲ್ಮಾಳನ್ನೇ ಗೌರವ ಅತಿಥಿಯಾಗಿ ಕರೆಯುವುದು, ತಾಸುಗಟ್ಟಲೆ ಮೇಜಿಗೆ ಕೂರಿಸಿ, ಊಟ ಎಂದರೇನು ಎಂದು ಎಲ್ಲರೆದುರು ತೋರಿಸುವುದು. ಬಸವನಹುಳು ಕಂಡ ಕೂಡಲೇ ಅವಳು ಎದ್ದು ಓಡುತ್ತಾಳೆ, ಅವಳ ಭಕ್ತರಿಗೆ ಬುದ್ಧಿ ಬರುತ್ತದೆ ಎಂಬ ಲೆಕ್ಕ.

ವಿಲ್ಮಾ ಆಮಂತ್ರಣವನ್ನು ನಿಜವೆಂದೇ ನಂಬಿದಳು. ಹೊಸ ಉಡುಪು ಹೊಲಿಸಿದಳು. ಆ ದಿನ ಐದೂವರೆಗೆ ಉಣ್ಣಲಿಲ್ಲ. ಮಧ್ಯಾಹ್ನವೂ ಒಂದು ಸೇಬಷ್ಟೇ ತಿಂದಳು. ಸಂಜೆ ಬರುವವರಿಗೆಂದು ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು, ಕೂದಲು ಕಟ್ಟಿಸಿಕೊಳ್ಳಲು ಹೋದಳು. ಬಂದವರೆಲ್ಲ ಬಾಂಧವರೇ. ಭೋಜನದ ದಿನ ಭಾಷಣಗಳು ಮುಗಿದು ಮೊದಲ ತಟ್ಟೆ ಬರುವಷ್ಟರಲ್ಲಿ ಒಂಬತ್ತಾಗುತ್ತದೆ ಎಂದು ಅವರಿಗೆ ಅನುಭವವಿತ್ತು. ಸ್ವಲ್ಪ ಆಧಾರಕ್ಕೆಂದು ಕೂತವರು ಪಾತ್ರೆಯ ತಳ ಕೆರೆದು ಎದ್ದರು.

ಬಸವನಹುಳು ಬಂದಾಗ ಕೊಂಬಿನ ಟೋಪಿಯ ಕೆಳಗಿನ ಮುಖಗಳು ಪೆಚ್ಚಾದವು. ಒದಿಲ್ ಅವನ್ನು ಚಿಪ್ಪಿನಿಂದ ಎಳೆದು ಪಕ್ಕದವರ ತಟ್ಟೆಗೆ ಜಾರಿಸುತ್ತಿದ್ದಳು. ಪಕ್ಕದವರು ವಾಪಸು ಜಾರಿಸುತ್ತಿದ್ದರು. ಮೀನು ಬಂದಾಗ ಪೋಸ್ಟ್‌ಮಾಸ್ಟರಿಗೆ ಬಿಕ್ಕಳಿಕೆ ಶುರುವಾಯಿತು. ದನದ ಮಾಂಸ ಬಂದಾಗ ಒಬ್ಬರು ಗಾಳಿಗೆಂದು ಹೊರಗೆ ಹೋದವರು ಮರಳಲಿಲ್ಲ.

ವಿಲ್ಮಾ ತಿನ್ನುತ್ತಿದ್ದಳು. ಬೆಳಗಿನಿಂದ ಹಸಿದಿದ್ದವಳು, ಬಸವನಹುಳುವಿನ ಬೆಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಳು. ಮೀನಿನ ಮುಳ್ಳು ಮಾತ್ರ ಉಳಿಸಿದಳು. ಎರಡೂ ಕೈ ಮೇಜಿನ ಮೇಲಿದ್ದವು. ತಿಸ್ಸೊ ಉಪನ್ಯಾಸ ಮರೆತು ಅವಳಿಗೆ ತಾವೇ ವೈನು ಬಗ್ಗಿಸಿದರು. ಆ ದಿನ ಅವರ ಜೊತೆಗೆ ಊಟ ಮಾಡುತ್ತಿದ್ದವಳು ಅವಳೊಬ್ಬಳೇ.

ಚೀಸಿನ ಹೊತ್ತಿಗೆ ವಿಲ್ಮಾ ಕೈ ನಿಲ್ಲಿಸಿ ಸುತ್ತ ನೋಡಿದಳು.

"ಗಾಸ್ಪಾರ್ ಅಲ್ಲಿ ಊಟ ಆದ್ಮೇಲೂ ಮೇಜು ಬಿಟ್ಟು ಏಳ್ತಿರ್ಲಿಲ್ಲ," ಎಂದಳು. "ಮಗಳು ರೂಮಿಗೆ ಓಡಿಹೋಗೋಳು, ನಾನು ತಟ್ಟೆ ಎತ್ಕೊಂಡು ಹೋಗೋಳು. ಅವನು ಒಬ್ಬನೇ ಕೂತಿರ್ತಿದ್ದ. ಇನ್ನೂ ಹಸಿವಾ ಅಂತ ಕೇಳ್ತಿದ್ದೆ. ಇಲ್ಲ ಅನ್ನೋನು. ಹಂಗಾದ್ರೆ ಯಾಕೆ ಕೂತಿದೀಯ ಅಂತ ಬಯ್ತಿದ್ದೆ."

"ಏನಂತಿದ್ದ?" ಎಂದು ತಿಸ್ಸೊ ಮೆಲ್ಲಗೆ ಕೇಳಿದರು.

"ಏನೂ ಇಲ್ಲ. ನಗೋನು. ಅಷ್ಟು ವರ್ಷ ಅವನ ಜೊತೆ ಇದ್ದು, ಒಂದು ದಿನ ಕೂತ್ಕೊಂಡಿದ್ರೆ ಆಗ್ತಿತ್ತು."

ತಿಸ್ಸೊ ತಮ್ಮ ತಟ್ಟೆಯ ಒಳ್ಳೆಯ ಚೀಸಿನ ತುಂಡನ್ನು ಅವಳ ತಟ್ಟೆಗೆ ಹಾಕಿದರು. ಕೂಟದ ನಿಯಮದಂತೆ ಬಡಿಸಿದ್ದನ್ನೆಲ್ಲ ಮುಗಿಸಿ ತಟ್ಟೆ ಒರೆಸಿದವರಿಗೆ ಬೆಳ್ಳಿಯ ಪದಕ. ಅದನ್ನು ಅವರು ತಮ್ಮ ಕೈಯಾರೆ ಅಮೆರಿಕದವಳ ಕೊರಳಿಗೆ ಹಾಕಬೇಕಾಯಿತು. ಹಾಕಿದರು. ಚಪ್ಪಾಳೆ ತಟ್ಟಲೂ ಬಾಂಧವರನ್ನು ತುಂಬಿದ ಹೊಟ್ಟೆ ಬಿಡಲಿಲ್ಲ.

ಆಮೇಲೆ ಊರು ಒಂದು ಬಗೆಯಲ್ಲಿ ತಲೆಕೆಳಗಾಯಿತು. ವಿಲ್ಮಾ ಎಂಟಕ್ಕೆ ಉಣ್ಣತೊಡಗಿದಳು. ಉಂಡು, ಬಹಳ ಹೊತ್ತು ಮೇಜಿಗೇ ಕೂರುತ್ತಾಳೆ. ಯಾರಾದರೂ ಜೊತೆಗಿದ್ದರೆ ಮಾತು, ಇಲ್ಲದಿದ್ದರೆ ಸುಮ್ಮನೆ. ಐಸನ್ನು ಮಾತ್ರ ಬಿಟ್ಟಿಲ್ಲ. ಕೆಂಪು ವೈನಿಗೂ ಹಾಕುತ್ತಾಳೆ, ತಿಸ್ಸೊ ಆಗ ಕಿಟಕಿಯ ಕಡೆ ನೋಡುತ್ತಾರೆ. ಕ್ಲೊತಿಲ್ದ್ ರಾತ್ರಿಯ ಅಡುಗೆ ನಿಲ್ಲಿಸಿದಳು. ನೋಟರಿಯವರು ಈ ವಯಸ್ಸಿನಲ್ಲಿ ಮೊಟ್ಟೆ ಒಡೆಯುವುದನ್ನು ಕಲಿತರು.

ಐದೂವರೆಯ ಗುಂಪು ನೆಲೆ ಕಳೆದುಕೊಂಡಿತು. ಫೆರ್ನಾಂಡ್ ಹೋಟೆಲಿನ ಮುಂಬಾಗಿಲನ್ನು ಸಂಜೆಯೇ ತೆರೆಯಲು ನಿರ್ಧರಿಸಿ, ಎಲ್ಲರ ಮರ್ಯಾದೆ ಉಳಿಯಲೆಂದು ಒಂದು ಫಲಕ ತೂಗುಹಾಕಿದ: 'ವಿದೇಶಿ ಅತಿಥಿಗಳ ಅನುಕೂಲಕ್ಕಾಗಿ ಬೇಗ ಊಟ'. ಅದರ ಒಕ್ಕಣೆ ತಿದ್ದಿಕೊಟ್ಟವರು ತಿಸ್ಸೊ. ವಿದೇಶಿಯರು ನಮ್ಮೂರಿಗೆ ಬರುವುದು ಅಪರೂಪ, ಆದರೂ ಸಂಜೆ ಕುರ್ಚಿ ಸಿಗುವುದಿಲ್ಲ.

ಮೊನ್ನೆ ಸಂಜೆ ಪತ್ರಿಕೆಯ ಕಟ್ಟು ಕೊಡಲು ಅಲ್ಲಿಗೆ ಹೋಗಿದ್ದೆ. ಮೂಲೆಯ ಮೇಜಿನಲ್ಲಿ ತಿಸ್ಸೊ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಕೂತಿದ್ದರು.

"ಏನು ಮುಸ್ಯೆ, ಇಷ್ಟು ಬೇಗ?"

"ಊಟಕ್ಕಲ್ಲ ಮದಾಂ," ಎಂದರು ಅಗಿಯುತ್ತಾ. "ತಪಾಸಣೆಗೆ ಬಂದಿದ್ದು. ವಿದೇಶಿಯರಿಗೆ ಇವನು ಏನು ಹಾಕ್ತಾನೋ, ಯಾರಾದ್ರೂ ನೋಡ್ಬೇಕಲ್ಲ."